ಹೊರಗೆ 760, ಒಳಗೆ 150: ಹೆಚ್ಚು ಯಾವುದು?

ಪ್ರಶ್ನೆ: ನಾನು ಸಕಲೇಶಪುರದವನು, ವಯಸ್ಸು 58. ಮೊಮ್ಮಗಳ ವಿಜ್ಞಾನ ಪುಸ್ತಕದಲ್ಲಿ ವಾತಾವರಣದ ಒತ್ತಡ 760 ಮಿಲಿಮೀಟರ್ ಪಾದರಸ ಎಂದಿದೆ. ನಮ್ಮ ವೈದ್ಯರು ನನ್ನ ರಕ್ತದೊತ್ತಡ 150/90 ಇದೆ, ಹೆಚ್ಚಾಯಿತು ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನು ಅಳೆದದ್ದೂ ಪಾದರಸದ ಮಿಲಿಮೀಟರಿನಲ್ಲೇ. ಹೊರಗೆ 760 ಇರುವಾಗ ಒಳಗಿನ 150 ಹೆಚ್ಚು ಹೇಗಾಯಿತು? ಲೆಕ್ಕದ ಪ್ರಕಾರ ಗಾಯವಾದರೆ ರಕ್ತ ಹೊರಬರುವ ಬದಲು ಗಾಳಿಯೇ ಒಳಗೆ ನುಗ್ಗಬೇಕಲ್ಲವೇ? ಮಗನ ಮನೆ ಮಂಗಳೂರಿನಲ್ಲಿದೆ. ಘಾಟಿ ಇಳಿದರೆ ಬಿಪಿ ಬದಲಾಗುತ್ತದೆಯೇ? ದಾರಿಯಲ್ಲಿ ಕಿವಿ ಕಟ್ಟುವುದಕ್ಕೂ, ಬಸ್ಸಿನಲ್ಲಿ ಕುಳಿತು ಕುಳಿತು ಕಾಲು ಊದುವುದಕ್ಕೂ ಇದೇ ಒತ್ತಡ ಕಾರಣವೇ?

ಉತ್ತರ: ನಿಮ್ಮ ತರ್ಕ ಸರಿಯಾಗಿಯೇ ಇದೆ. ಎರಡು ಸಂಖ್ಯೆಗಳಿಗೂ ಒಂದೇ ಮಾನವನ್ನು ಹಚ್ಚಿ, ಅವುಗಳ ಎಣಿಕೆ ಶುರುವಾಗುವ ಜಾಗ ಬೇರೆ ಬೇರೆ ಎಂಬುದನ್ನು ಹೇಳದೆ ಬಿಟ್ಟದ್ದು ನಮ್ಮಂಥ ಪಾಠ ಹೇಳುವವರ ಸೋಮಾರಿತನ. 760 ಎಂಬುದನ್ನು ಏನೂ ಇಲ್ಲದ ನಿರ್ವಾತದಿಂದ ಎಣಿಸಿದ್ದಾರೆ. ನಿಮ್ಮ 150ನ್ನು ವಾತಾವರಣದಿಂದ ಮೇಲಕ್ಕೆ ಎಣಿಸಿದ್ದಾರೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಪೂರ್ತಿ ಹೋದ ಟಯರಿಗೆ ಮೀಟರ್ ಹಚ್ಚಿದರೆ ಅದು ಸೊನ್ನೆ ತೋರಿಸುತ್ತದೆ. ಒಳಗೆ ನಿರ್ವಾತವಿದೆ ಎಂದಲ್ಲ, ಹೊರಗಿನಷ್ಟೇ ಒಳಗೂ ಇದೆ ಎಂದು ಅದರ ಅರ್ಥ. ವೈದ್ಯರ ಮೇಜಿನ ಮೇಲಿರುವ ಬಿಪಿ ಉಪಕರಣದ ಸೊನ್ನೆಯೂ ಅಂಥದ್ದೇ. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾತಾವರಣದ ಒತ್ತಡ ಸುಮಾರು 680. ಹೃದಯ ಸಂಕುಚಿಸಿದ ಕ್ಷಣದಲ್ಲಿ ನಿಮ್ಮ ಅಪಧಮನಿಯ, ಅಂದರೆ ಹೃದಯದಿಂದ ರಕ್ತವನ್ನು ಹೊರಗೊಯ್ಯುವ ನಾಳದ, ನಿಜವಾದ ಒತ್ತಡ 680 ಮತ್ತು 150 ಸೇರಿ 830. ಚರ್ಮ ಕುಯ್ದರೆ 830ರ ಕಡೆಯಿಂದ 680ರ ಕಡೆಗೆ ರಕ್ತ ಚಿಮ್ಮುತ್ತದೆ. ಮಂಗಳೂರಿಗೆ ಇಳಿದಾಗ ಹೊರಗಿನ 680 ಹೆಚ್ಚುಕಡಿಮೆ 757 ಆಗುತ್ತದೆ, ಒಳಗಿನದೂ ಅಷ್ಟೇ ಏರುತ್ತದೆ. ವ್ಯತ್ಯಾಸ 150ರಲ್ಲೇ ನಿಲ್ಲುವುದರಿಂದ ಘಾಟಿ ಇಳಿದ ಮಾತ್ರಕ್ಕೆ ಬಿಪಿ ಬದಲಾಗುವುದಿಲ್ಲ. ಬದಲಾದರೆ ಪ್ರಯಾಣದ ಆಯಾಸವನ್ನೋ ಮಗನ ಮನೆಯ ಉಪ್ಪಿನಕಾಯಿಯನ್ನೋ ವಿಚಾರಿಸಿಕೊಳ್ಳಿ.

ಹೊರಗಿನ ಒತ್ತಡ ಒಳಕ್ಕೂ ಅಷ್ಟು ಸಲೀಸಾಗಿ ದಾಟುವುದು ಹೇಗೆ? ವಯಸ್ಕರ ದೇಹದ ಮೇಲ್ಮೈ ಸುಮಾರು 1.7 ಚದರ ಮೀಟರ್. ಅದರ ಮೇಲೆ ಗಾಳಿ ಒತ್ತುವ ಬಲವನ್ನು ಕೂಡಿಸಿದರೆ ಸಮುದ್ರಮಟ್ಟದಲ್ಲಿ 17 ಟನ್ನಿನಷ್ಟಾಗುತ್ತದೆ. ಆದರೂ ನಾವು ಜಜ್ಜಿಹೋಗುವುದಿಲ್ಲ. ಮಾಂಸ, ರಕ್ತ, ಮಿದುಳು ಎಲ್ಲವೂ ಬಹುಪಾಲು ನೀರು. ನೀರನ್ನು ಹಿಂಡಿ ಚಿಕ್ಕದು ಮಾಡುವುದು ಬಹಳ ಕಷ್ಟ, ಮೇಲಾಗಿ ಅದು ತನ್ನ ಮೇಲೆ ಬಿದ್ದ ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುತ್ತದೆ. ಚರ್ಮದ ಹೊರಗೆ ಎಷ್ಟೋ ಒಳಗೂ ಅಷ್ಟೇ ಆದಾಗ ಯಾವುದೂ ಯಾವುದನ್ನೂ ತಳ್ಳುವುದಿಲ್ಲ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಹತ್ತು ಮೀಟರ್ ಆಳಕ್ಕೆ ಮುಳುಗಿದವರ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಹೆಚ್ಚಾಗಿ ಬೀಳುತ್ತದೆ. ಅವರ ತೊಡೆಗೋ ತೋಳಿಗೋ ಅದರ ಅರಿವೇ ಆಗದು. ಅರಿವಾಗುವುದು ಗಾಳಿ ತುಂಬಿದ ಜಾಗಗಳಲ್ಲಿ ಮಾತ್ರ: ಕಿವಿ, ಮೂಗಿನ ಸುತ್ತಲಿನ ಸೈನಸ್, ಶ್ವಾಸಕೋಶ.

ಕಿವಿ ಕಟ್ಟುವುದರ ಗುಟ್ಟೂ ಇಲ್ಲಿಯೇ ಇದೆ. ಕಿವಿತಮಟೆಯ ಹಿಂದೆ ಒಂದು ಸಣ್ಣ ಗಾಳಿಕೋಣೆಯಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಳಿಕೆ ಎಂಬ ಕಿರಿದಾದ ದಾರಿ. ಅದು ಸಾಮಾನ್ಯವಾಗಿ ಮುಚ್ಚಿಕೊಂಡಿದ್ದು, ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆಯುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಹೊರಗಿನ ಒತ್ತಡ ಎಪ್ಪತ್ತೈದು ಮಿಲಿಮೀಟರಿನಷ್ಟು ಏರಿರುತ್ತದೆ. ದಾರಿಯುದ್ದಕ್ಕೂ ನಳಿಕೆ ಒಮ್ಮೆಯೂ ತೆರೆಯದಿದ್ದರೆ ಆ ಪುಟ್ಟ ತಮಟೆಯ ಮೇಲೆ ಐವತ್ತು ಅರವತ್ತು ಗ್ರಾಂ ತೂಕ ಇಟ್ಟಂತೆ. ಅದು ಒಳಕ್ಕೆ ಬಾಗುತ್ತದೆ, ಶಬ್ದ ಮಂದವಾಗುತ್ತದೆ. ಘಾಟಿ ಹತ್ತುವಾಗ ಈ ಕಾಟ ಕಡಿಮೆ ಎಂಬುದನ್ನು ನೀವು ಗಮನಿಸಿರಬಹುದು. ಹತ್ತುವಾಗ ಒಳಗಿನ ಗಾಳಿ ಹಿಗ್ಗಿ ನಳಿಕೆಯನ್ನು ತಾನೇ ತಳ್ಳಿ ತೆರೆದುಕೊಂಡು ಹೊರಹೋಗುತ್ತದೆ. ಇಳಿಯುವಾಗ ಗಾಳಿ ಒಳಬರಬೇಕು, ಆದರೆ ಹೊರಗಿನ ಒತ್ತಡ ನಳಿಕೆಯ ಮೃದುವಾದ ಬಾಯನ್ನು ಮತ್ತಷ್ಟು ಅದುಮಿ ಮುಚ್ಚುತ್ತದೆ. ಹಾಗಾಗಿ ಇಳಿಯುವಾಗ ಕಿವಿ ಪೂರ್ತಿ ಕಟ್ಟುವವರೆಗೆ ಕಾಯದೆ ಮೊದಲಿನಿಂದಲೇ ಪೆಪ್ಪರಮಿಂಟ್ ಚೀಪುತ್ತ, ಆಗಾಗ ನುಂಗುತ್ತ ಇರಿ. ಕೂಸುಗಳಿಗೆ ಆ ಹೊತ್ತಿನಲ್ಲಿ ಹಾಲು ಕುಡಿಸುವುದು ಒಳ್ಳೆಯದು. ನೆಗಡಿಯಾಗಿ ಮೂಗು ಕಟ್ಟಿದ್ದರೆ ನಳಿಕೆಯ ಬಾಯೂ ಊದಿರುತ್ತದೆ, ಅಂಥ ದಿನ ಘಾಟಿಯೂ ವಿಮಾನವೂ ಹಿಂಸೆಯೇ.

ಇನ್ನು ರಕ್ತಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಸ್ವಾರಸ್ಯ ಇರುವುದು ಅಲ್ಲಿ. ರಕ್ತದೊತ್ತಡವನ್ನು ಮೊದಲು ಅಳೆದವರು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಒಂದು ಹೆಣ್ಣು ಕುದುರೆಯ ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು. ರಕ್ತ ಎಂಟಡಿಗೂ ಮೇಲೇರಿ, ಎದೆಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತ ನಿಂತಿತು. ಇದು ಪ್ರಕಟವಾದದ್ದು 1733ರಲ್ಲಿ. ಆ ಕೊಳವೆಯನ್ನು ನಮಗೆ ಹಚ್ಚಿದರೆ 120 ಮಿಲಿಮೀಟರ್ ಪಾದರಸ ಎಂದರೆ ಸುಮಾರು ಒಂದೂವರೆ ಮೀಟರ್ ಎತ್ತರದ ರಕ್ತದ ಕಂಬ. ಪಾದರಸ ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ ಕಂಬ ಮೇಜಿನ ಮೇಲೆ ಇಡುವಷ್ಟು ಕುಳ್ಳಾಯಿತು, ಅಷ್ಟೇ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದುವ ವಿಧಾನವನ್ನು 1896ರಲ್ಲಿ ಇಟಲಿಯ ರಿವಾ ರೊಚ್ಚಿ ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಪಟ್ಟಿಯ ಒತ್ತಡ ಇಳಿಯುತ್ತ ಬಂದು, ಹಿಂಡಿಹೋಗಿದ್ದ ಅಪಧಮನಿಯೊಳಗೆ ರಕ್ತ ಮೊದಲ ಬಾರಿ ನುಗ್ಗುವ ಟಕ್ ಶಬ್ದವೇ ಮೇಲಿನ ಸಂಖ್ಯೆ. ಶಬ್ದ ಅಡಗಿಹೋಗುವ ಜಾಗ ಕೆಳಗಿನದು.

ಆದರೆ ಈ ಎರಡು ಸಂಖ್ಯೆಗಳು ಇಡೀ ದೇಹದ ಒತ್ತಡವಲ್ಲ, ಹೃದಯದ ಮಟ್ಟದಲ್ಲಿ ದೊಡ್ಡ ಅಪಧಮನಿಯಲ್ಲಿ ಇರುವ ಒತ್ತಡ ಮಾತ್ರ. ಬಡಿತದ ಏರಿಳಿತವನ್ನು ಸರಾಸರಿ ಮಾಡಿದರೆ ಆರೋಗ್ಯವಂತರಲ್ಲಿ ಅದು 95ರ ಆಸುಪಾಸು. ಅತಿ ಸಣ್ಣ ಅಪಧಮನಿಗಳನ್ನು ದಾಟುವಷ್ಟರಲ್ಲಿ 35ಕ್ಕೆ ಇಳಿಯುತ್ತದೆ, ಕೂದಲಿಗಿಂತ ತೆಳುವಾದ ಲೋಮನಾಳಗಳ ಕೊನೆಗೆ 15, ಬಲ ಹೃತ್ಕರ್ಣಕ್ಕೆ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆಗೆ, ಮರಳುವ ಹೊತ್ತಿಗೆ ಹೆಚ್ಚುಕಡಿಮೆ ಸೊನ್ನೆ. 95ರಿಂದ ಸೊನ್ನೆಗೆ ಇಳಿಯುವ ಈ ಇಳಿಜಾರೇ ರಕ್ತವನ್ನು ಹರಿಸುವುದು. ಅದರಲ್ಲಿ ದೊಡ್ಡ ಮೆಟ್ಟಿಲು ಇರುವುದು ಸಣ್ಣ ಅಪಧಮನಿಗಳಲ್ಲಿ. ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಪ್ರತಿರೋಧ ಹದಿನಾರು ಪಟ್ಟಾಗುತ್ತದೆ. ಹಾಗಾಗಿ ಅವುಗಳ ಗೋಡೆಯ ಸ್ನಾಯು ಕೊಂಚ ಬಿಗಿದರೂ ಸಾಕು, ಹಿಂದೆ ಬಿಪಿ ಏರುತ್ತದೆ, ಮುಂದೆ ಹರಿವು ತಗ್ಗುತ್ತದೆ. ಬಿಪಿ ಮಾತ್ರೆಗಳಲ್ಲಿ ಬಹಳಷ್ಟು ಕೈಹಾಕುವುದು ಈ ಬಿಗಿತಕ್ಕೇ. ಹೃದಯದ ಬಲಭಾಗದ ಸಂಸಾರ ಬೇರೆಯೇ. ಅದು ನಿಮಿಷಕ್ಕೆ ಅದೇ ಐದು ಲೀಟರ್ ರಕ್ತವನ್ನು ಶ್ವಾಸಕೋಶಕ್ಕೆ ದಾಟಿಸಿದರೂ 25/10ರ ಒತ್ತಡ ಸಾಕು, ಏಕೆಂದರೆ ಅಲ್ಲಿನ ನಾಳಗಳು ಉದಾರವಾಗಿ ತೆರೆದುಕೊಂಡಿವೆ.

ನೀವೇ ನಿಮ್ಮ ದೇಹದಲ್ಲಿ ಒಂದು ಒತ್ತಡವನ್ನು ಯಾವ ಉಪಕರಣವೂ ಇಲ್ಲದೆ ಅಳೆಯಬಹುದು. ನೆಟ್ಟಗೆ ಕುಳಿತು ಬಲಗೈಯನ್ನು ಒಂದು ನಿಮಿಷ ಜೋತುಬಿಡಿ. ಅಂಗೈಯ ಹಿಂಭಾಗದ ನರಗಳು ಉಬ್ಬುತ್ತವೆ. ಊರಿನ ಮಾತಿನಲ್ಲಿ ಅವು ನರ, ನಿಜಕ್ಕೆ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು. ಈಗ ತೋಳನ್ನು ಮಡಿಸದೆ, ಬಿಗಿಯದೆ, ನಿಧಾನವಾಗಿ ಮೇಲೆತ್ತುತ್ತ ಹೋಗಿ. ಎದೆಯ ಮಟ್ಟ ದಾಟಿ ಕೆಲವು ಸೆಂಟಿಮೀಟರ್ ಮೇಲೆ ಒಂದು ಕಡೆ ಉಬ್ಬು ಇದ್ದಕ್ಕಿದ್ದಂತೆ ಅಡಗಿ ಚರ್ಮ ಸಪಾಟಾಗುತ್ತದೆ. ಬಲ ಹೃತ್ಕರ್ಣದ ಒತ್ತಡಕ್ಕೆ ಎಷ್ಟು ಎತ್ತರದ ರಕ್ತದ ಕಂಬವನ್ನು ಹೊರಲು ಸಾಧ್ಯವೋ ಅದು ಸುಮಾರಾಗಿ ಆ ಎತ್ತರ. ಅದಕ್ಕಿಂತ ಮೇಲೆ ಅಭಿಧಮನಿಯೊಳಗೆ ಗೋಡೆಯನ್ನು ಅಗಲವಾಗಿ ಹಿಡಿದಿಡುವಷ್ಟು ಒತ್ತಡ ಇರುವುದಿಲ್ಲ, ಅದು ಕುಸಿಯುತ್ತದೆ. ವೈದ್ಯರು ರೋಗಿಯನ್ನು ಒರಗಿಸಿ ಕುತ್ತಿಗೆಯ ಪಕ್ಕವನ್ನೇ ದಿಟ್ಟಿಸುವುದನ್ನು ಕಂಡಿದ್ದೀರಲ್ಲ? ಅವರು ನೋಡುತ್ತಿರುವುದು ಇದನ್ನೇ. ಹೃದಯ ಸೋತು ರಕ್ತ ಹಿಂದೆ ತುಂಬಿಕೊಂಡರೆ ಆ ಉಬ್ಬು ದವಡೆಯ ತನಕ ಏರಿರುತ್ತದೆ.

ಗಾಯವಾದರೆ ಗಾಳಿ ಒಳಗೆ ನುಗ್ಗಬೇಕಲ್ಲವೇ ಎಂದು ಕೇಳಿದಿರಿ. ನುಗ್ಗುವ ಒಂದು ಜಾಗ ನಿಜಕ್ಕೂ ಇದೆ. ನೆಟ್ಟಗೆ ಕುಳಿತವರ ಕುತ್ತಿಗೆ ಹೃದಯಕ್ಕಿಂತ ಮೇಲಿರುತ್ತದೆ, ಉಸಿರೆಳೆದಾಗ ಎದೆಯೊಳಗಿನ ಒತ್ತಡವೂ ಇಳಿಯುತ್ತದೆ. ಆ ಕ್ಷಣ ಕುತ್ತಿಗೆಯ ದೊಡ್ಡ ಅಭಿಧಮನಿಯಲ್ಲಿ ತೂತಿದ್ದರೆ ರಕ್ತ ಬರುವ ಬದಲು ಗಾಳಿ ಸೊರ್ರೆಂದು ಒಳಸೇರಿ ಹೃದಯಕ್ಕೆ ಹೋಗಬಹುದು, ಪ್ರಾಣಕ್ಕೇ ಕುತ್ತು. ಐಸಿಯುಗಳಲ್ಲಿ ಕುತ್ತಿಗೆಯ ಅಭಿಧಮನಿಗೆ ಕೊಳವೆ ಹಾಕುವಾಗ, ತೆಗೆಯುವಾಗ ರೋಗಿಯ ತಲೆಯನ್ನು ಪಾದಕ್ಕಿಂತ ತಗ್ಗಿಸಿ ಮಲಗಿಸುವುದು ಇದಕ್ಕೇ. ಉಸಿರಾಟದ ಲೆಕ್ಕ ಕೂಡ ಇಷ್ಟೇ ನಾಜೂಕಿನದು. ಎದೆ, ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆ ಕೆಳಗಿಳಿದು ಶ್ವಾಸಕೋಶದೊಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಮಿಲಿಮೀಟರ್ ಪಾದರಸಕ್ಕೂ ಕಡಿಮೆ ತಗ್ಗಿದರೆ ಸಾಕು, ಅರ್ಧ ಲೀಟರ್ ಗಾಳಿ ಒಳಬರುತ್ತದೆ. ಅದೇ ಎದೆಯಿಂದ ಒಂದು ಜೋರಾದ ಕೆಮ್ಮು ನೂರು ಮಿಲಿಮೀಟರಿಗೂ ಹೆಚ್ಚು ಒತ್ತಡ ಹುಟ್ಟಿಸಬಲ್ಲದು. ವರ್ಷಗಟ್ಟಲೆ ಕೆಮ್ಮುವವರಿಗೆ, ಮಲಬದ್ಧತೆಯಿಂದ ತಿಣುಕುವವರಿಗೆ ಹೊಟ್ಟೆಯ ಗೋಡೆ ಸೋತು ಕರುಳು ಹೊರಚಾಚುವ ಹರ್ನಿಯಾ ಕಾಡುವುದರಲ್ಲಿ ಆಶ್ಚರ್ಯವಿಲ್ಲ.

ನಿಂತಾಗ ಏನಾಗುತ್ತದೆ ನೋಡಿ. ಹೃದಯದಿಂದ ಪಾದದವರೆಗೆ ಸುಮಾರು 125 ಸೆಂಟಿಮೀಟರ್ ಎತ್ತರದ ರಕ್ತದ ಕಂಬ ನಿಲ್ಲುತ್ತದೆ. ಅದರ ಭಾರವೇ 95 ಮಿಲಿಮೀಟರ್ ಪಾದರಸದಷ್ಟು. ಪಾದದ ಅಪಧಮನಿಯಲ್ಲಿ ಸರಾಸರಿ ಒತ್ತಡ 190ರ ಹತ್ತಿರ ಹೋಗುತ್ತದೆ. ಹಾಗಿದ್ದರೆ ಅಷ್ಟು ಭಾರವನ್ನು ಎತ್ತಿ ರಕ್ತ ಮೇಲೆ ಬರುವುದು ಹೇಗೆ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಪಾದದ ಅಭಿಧಮನಿಗೂ ಅದೇ 95 ಸೇರಿರುತ್ತದೆ. ಇಳಿಯುವ ಕಂಬ, ಏರುವ ಕಂಬ ಎರಡೂ ತೂಗಿಕೊಂಡು ನಡುವಿನ ವ್ಯತ್ಯಾಸ ಮಲಗಿದ್ದಾಗಿನಷ್ಟೇ ಉಳಿಯುತ್ತದೆ, ಹರಿವು ನಿಲ್ಲುವುದಿಲ್ಲ. ತೊಂದರೆ ಬೇರೆ ಕಡೆ. ಅಪಧಮನಿಯ ಗೋಡೆ ದಪ್ಪ, ಅದು ಅಷ್ಟಾಗಿ ಹಿಗ್ಗುವುದಿಲ್ಲ. ಅಭಿಧಮನಿ ಸಡಿಲ, ಒತ್ತಡ ಬಿದ್ದರೆ ಊದುತ್ತದೆ. ಎದ್ದುನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆಯ ಕೆಳಗೆ, ಕಾಲುಗಳಲ್ಲಿ ತಂಗುತ್ತದೆ. ಇತ್ತ ತಲೆಗೆ ಹೋಗುವ ರಕ್ತ ಮೇಲಕ್ಕೆ ಏರಬೇಕಾದ್ದರಿಂದ ಮಿದುಳಿನ ಮಟ್ಟದಲ್ಲಿ 25ರಿಂದ 30 ಕಡಿಮೆ. ಕುತ್ತಿಗೆಯ ಅಪಧಮನಿಯಲ್ಲಿರುವ ಒತ್ತಡ ಗ್ರಾಹಕಗಳು ಇದನ್ನು ಒಂದೆರಡು ಬಡಿತದೊಳಗೆ ಗ್ರಹಿಸಿ ಹೃದಯದ ವೇಗ ಹೆಚ್ಚಿಸಿ ನಾಳಗಳನ್ನು ಬಿಗಿಯುತ್ತವೆ. ವಯಸ್ಸಾದಂತೆ ಈ ಚುರುಕು ಕುಂದುತ್ತದೆ. ಬೆಳಗ್ಗೆ ಹಾಸಿಗೆಯಿಂದ ದಡಕ್ಕನೆ ಎದ್ದವರಿಗೆ ಕಣ್ಣು ಕತ್ತಲೆ ಬರುವುದು ಹೀಗೆ. ಮೈಸೂರು ಮೃಗಾಲಯದ ಜಿರಾಫೆ ತನ್ನ ಕುತ್ತಿಗೆಯ ಉದ್ದಕ್ಕೆ ತೆರುವ ದಂಡವೂ ಇದೇ: ಹೃದಯದ ಬಳಿ ನಮ್ಮದರ ಎರಡರಷ್ಟು ರಕ್ತದೊತ್ತಡ.

ಆಗಸ್ಟ್ 15ರ ಕವಾಯತಿನಲ್ಲಿ ಅಲುಗದೆ ನಿಂತ ಮಕ್ಕಳು ಕುಸಿದುಬೀಳುವುದಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ. ಸುತ್ತಲಿನವರು ಮಗುವನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಹಿಡಿದುಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೀಳುವುದೇ ಅಲ್ಲಿ ಔಷಧ. ಚಪ್ಪಟೆಯಾಗಿ ಮಲಗಿಸಿ ಕಾಲನ್ನು ಒಂದಡಿ ಎತ್ತಿ ಹಿಡಿಯಿರಿ, ಕಾಲಲ್ಲಿ ತಂಗಿದ ರಕ್ತ ತಾನಾಗಿ ಹೃದಯಕ್ಕೆ ಇಳಿಯುತ್ತದೆ.

ಬಸ್ಸಿನಲ್ಲಿ ಕಾಲು ಊದುವುದು ಇದರ ಮುಂದಿನ ಅಧ್ಯಾಯ. ಲೋಮನಾಳದ ಗೋಡೆ ಸೋರುತ್ತದೆ, ಸೋರಲೆಂದೇ ಇರುವುದು. ಒಳಗಿನ ಒತ್ತಡ ನೀರನ್ನು ಹೊರತಳ್ಳುತ್ತದೆ. ರಕ್ತದಲ್ಲಿರುವ ಪ್ರೋಟೀನು, ಮುಖ್ಯವಾಗಿ ಆಲ್ಬುಮಿನ್, ಸುಮಾರು 25 ಮಿಲಿಮೀಟರಿನಷ್ಟು ಬಲದಿಂದ ಅದನ್ನು ಹಿಡಿದೆಳೆಯುತ್ತದೆ. ಈ ಜಗ್ಗಾಟವನ್ನು 1896ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ವಿವರಿಸಿದರು. ಎಳೆತಕ್ಕೆ ಸಿಗದೆ ಹೊರಗುಳಿದ ದ್ರವವನ್ನು ದುಗ್ಧನಾಳಗಳು ಹಿಡಿದು ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ನಡೆಯುವಾಗ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಅಭಿಧಮನಿಯನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ, ಕವಾಟಗಳು ಅದನ್ನು ಹಿಂದೆ ಬೀಳಗೊಡುವುದಿಲ್ಲ. ಸುಮ್ಮನೆ ನಿಂತಾಗ 90ಕ್ಕೂ ಮಿಕ್ಕಿದ್ದ ಪಾದದ ಅಭಿಧಮನಿಯ ಒತ್ತಡ ನಡೆದಾಡಿದರೆ 30ರ ಕೆಳಗೆ ಇಳಿಯುತ್ತದೆ. ಬಸ್ಸಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಈ ಪಂಪು ಮಲಗಿರುತ್ತದೆ, ಸೋರಿಕೆ ಮರಳಿಕೆಯನ್ನು ಮೀರುತ್ತದೆ. ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿ ಎತ್ತಿ ಹತ್ತಿಪ್ಪತ್ತು ಸಲ ಆಡಿಸಿ. ಊಟಕ್ಕೆ ಬಸ್ಸು ನಿಂತಾಗ ಇಳಿದು ಓಡಾಡಿ. ಎರಡೂ ಪಾದ ಸಮನಾಗಿ ಊದಿ ರಾತ್ರಿ ಮಲಗಿ ಎದ್ದಾಗ ಇಳಿದರೆ ಚಿಂತೆ ಬೇಡ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರ ಬಳಿ ಹೋಗಿ. ಮುಖವೂ ಊದಿದರೆ ಮೂತ್ರಪಿಂಡ, ಯಕೃತ್ತು, ಹೃದಯಗಳ ತಪಾಸಣೆ ಆಗಬೇಕು.

ನಿಮಗೆ ಬರೆದುಕೊಟ್ಟ ಮಾತ್ರೆ ಯಾವುದೆಂದು ನೀವು ತಿಳಿಸಿಲ್ಲ. ಅದು ಅಮ್ಲೋಡಿಪಿನ್ ಆಗಿದ್ದರೆ ಊತಕ್ಕೆ ಅದೂ ಕಾರಣವಾಗಬಹುದು. ಅದು ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮುಂಬಾಗಿಲು ತೆರೆದು ಹಿಂಬಾಗಿಲು ಇದ್ದಷ್ಟೇ ಇದ್ದರೆ ನಡುವಿನ ಲೋಮನಾಳದಲ್ಲಿ ಒತ್ತಡ ಏರುತ್ತದೆ, ಕಣಕಾಲು ಊದುತ್ತದೆ. ಇದು ದೇಹದಲ್ಲಿ ನೀರು ಹೆಚ್ಚಾದ ಊತವಲ್ಲ, ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಅಷ್ಟಾಗಿ ಇಳಿಯದು. ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ಲೋಮನಾಳದ ಒತ್ತಡ ಮೂವತ್ತರ ಸುತ್ತಮುತ್ತ ಎಂಬುದನ್ನು ನೆನಪಿಟ್ಟರೆ ಇನ್ನೆರಡು ಸಂಗತಿ ತಿಳಿಯಾಗುತ್ತವೆ. ಹಾಸಿಗೆ ಹಿಡಿದವರ ಟೊಂಕ, ಹಿಮ್ಮಡಿಗಳ ಮೇಲೆ ದೇಹದ ಭಾರ ಅದಕ್ಕಿಂತ ಹೆಚ್ಚು ಒತ್ತಡ ಹಾಕುತ್ತದೆ, ಗಂಟೆಗಟ್ಟಲೆ ಹಾಗೇ ಇದ್ದರೆ ಅಲ್ಲಿನ ಮಾಂಸ ಸತ್ತು ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎನ್ನುವುದು ಇದಕ್ಕಾಗಿ. ಎರಡನೆಯದು, ಮೂಳೆ ಮುರಿದು ಬಿಗಿಯಾಗಿ ಕಟ್ಟು ಹಾಕಿಸಿಕೊಂಡವರದು. ಸ್ನಾಯುಗಳ ಮೇಲಿನ ಹೊದಿಕೆ ಹಿಗ್ಗುವುದಿಲ್ಲ, ಒಳಗೆ ಊತ ಹೆಚ್ಚಿದಂತೆ ಒತ್ತಡ ಏರಿ ಲೋಮನಾಳಗಳು ಮುಚ್ಚಿಹೋಗುತ್ತವೆ. ಅಷ್ಟರಲ್ಲಿಯೂ ಮಣಿಕಟ್ಟಿನಲ್ಲಿ ನಾಡಿ ಚೆನ್ನಾಗಿಯೇ ಸಿಗುತ್ತಿರಬಹುದು, ಏಕೆಂದರೆ ಅದು 120ರ ನಾಳ. ನಾಡಿ ಸಿಗುತ್ತಿದೆಯಲ್ಲ ಎಂದು ಸುಮ್ಮನಾಗುವುದು ಅಪಾಯ. ನೋವಿನ ಮಾತ್ರೆಗೂ ಬಗ್ಗದ ನೋವು, ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದರೆ ಜೀವ ಹೋಗುವಂಥ ನೋವು ಇದ್ದರೆ ಬೆಳಗಾಗಲಿ ಎಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಆ ಸ್ನಾಯು ಶಾಶ್ವತವಾಗಿ ಹೋಗುತ್ತದೆ.

ಕಣ್ಣಿನ ಒತ್ತಡ ಇನ್ನೊಂದು ಸ್ವತಂತ್ರ ಲೆಕ್ಕ. ಸಾಮಾನ್ಯವಾಗಿ 10ರಿಂದ 21. ತೋಳಿನ ಬಿಪಿ ಸರಿಯಿದೆ ಎಂದ ಮಾತ್ರಕ್ಕೆ ಕಣ್ಣಿನದು ಸರಿಯಿದೆ ಎನ್ನುವಂತಿಲ್ಲ. ಕಣ್ಣಿನ ಒತ್ತಡ ಏರಿದಾಗ ಬರಬಹುದಾದ ಗ್ಲಾಕೋಮಾ ಬಹುಮಟ್ಟಿಗೆ ನೋವಿಲ್ಲದೆ ದೃಷ್ಟಿಯ ಅಂಚನ್ನು ತಿನ್ನುತ್ತ ಬರುತ್ತದೆ. ನಿಮ್ಮ ವಯಸ್ಸಿಗೆ ಕನ್ನಡಕ ಬದಲಿಸುವಾಗ ಅದನ್ನೂ ಅಳೆಸಿಕೊಳ್ಳುವುದು ಜಾಣತನ.

ಕೊನೆಗೆ ನಿಮ್ಮ 150/90. ಅದು ಒಂದೇ ಸಲ, ಮೆಟ್ಟಿಲು ಹತ್ತಿ ಬಂದ ಕೂಡಲೇ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ ತೆಗೆದ ಸಂಖ್ಯೆಯಾಗಿದ್ದರೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಏಳೆಂಟು ಮಿಲಿಮೀಟರ್ ಹೆಚ್ಚು ತೋರಿಸುತ್ತದೆ. ಜೋತುಬಿದ್ದ ತೋಳಿನಲ್ಲಿ ಅಳೆಯುವುದು ನಮ್ಮಲ್ಲಿ ದಿನನಿತ್ಯದ ನೋಟ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹೆಚ್ಚೇ ಬರುತ್ತದೆ. ತೋಳಿಗೆ ಸುತ್ತುವ ಡಿಜಿಟಲ್ ಉಪಕರಣವೊಂದನ್ನು ಮನೆಗೆ ತನ್ನಿ, ಮಣಿಕಟ್ಟಿಗೆ ಸುತ್ತುವುದು ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಮಾತಾಡದೆ ಕುಳಿತಿರಿ. ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ, ಕಾಫಿ ಸೀಮೆಯವರಿಗೆ ಇದು ಕಷ್ಟವೆಂದು ಗೊತ್ತು. ಬರಿಯ ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ಬರೆದಿಡಿ. ಬೆಳಗಿನದನ್ನು ಮಾತ್ರೆ ನುಂಗುವ ಮೊದಲೇ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ ಅದು 135/85ನ್ನು ಮುಟ್ಟಿದರೆ ಅಥವಾ ದಾಟಿದರೆ ಬಿಪಿ ಹೆಚ್ಚಿದೆ ಎಂದೇ ಅರ್ಥ, ತಲೆನೋವು, ತಲೆಸುತ್ತು ಯಾವುದೂ ಇಲ್ಲದಿದ್ದರೂ ಸರಿ. ಮಾತ್ರೆ ಈಗಾಗಲೇ ಶುರುಮಾಡಿದ್ದರೆ ಅದನ್ನು ಬಿಡದೆಯೇ ಅಳೆದು, ಅಳತೆ ಬರೆದ ಹಾಳೆಯ ತಲೆಯಲ್ಲಿ ಮಾತ್ರೆಯ ಹೆಸರು, ನುಂಗುವ ಹೊತ್ತು ಬರೆದು ನಿಮ್ಮ ವೈದ್ಯರ ಮುಂದಿಡಿ.